ತೇನೆಹಕ್ಕಿ ಅಂತ ಬರೆದದ್ದು ತಪ್ಪಲ್ಲ: ಕೆರೆ ದಂಡೆಯ ಒಂದು ಬೇಸಿಗೆ ಶಿಬಿರದ ಪ್ರಕರಣ ಅಧ್ಯಯನ

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ತುಮಕೂರು ಜಿಲ್ಲೆಯ ಒಂದು ಊರು, ಆ ಊರಿನ ಕೆರೆ, ಆರು ದಿನ, 22 ಮಕ್ಕಳು. ಊರಿನ ಹೆಸರಾಗಲಿ ಮಕ್ಕಳ ಹೆಸರಾಗಲಿ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ನಾವು ಎಲ್ಲಿ ಎಡವಿದೆವು, ಯಾವಾಗ ದಾರಿ ಬದಲಾಯಿಸಿದೆವು ಅನ್ನುವುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಹಿನ್ನೆಲೆ

ನಾವು ಐದು ಜನ ಸ್ನೇಹಿತರು. ಇಬ್ಬರು ಶಾಲೆಯಲ್ಲಿ ಪಾಠ ಮಾಡುವವರು, ಒಬ್ಬರು ನರ್ಸ್, ಇನ್ನಿಬ್ಬರಿಗೆ ಹಕ್ಕಿ ನೋಡುವ ಹುಚ್ಚು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಶಿಬಿರ ಮಾಡೋಣ ಎಂದು ಶುರು ಮಾಡಿದೆವು. ಮೊದಲ ವರ್ಷ ಬಸ್ ಮಾಡಿಕೊಂಡು ಸಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿದ್ದೆವು. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆ ಮಕ್ಕಳ ಹಾಗೆ ಕಾಯುತ್ತಾರೆ. ಮಕ್ಕಳು ನೋಡಿದರು, ಫೋಟೋ ತೆಗೆದರು, ಚಿಪ್ಸ್ ತಿಂದರು, ಸಂಜೆ ವಾಪಸ್ ಬಂದರು. ಅಪ್ಪ ಅಮ್ಮಂದಿರಿಗೆ ತುಂಬಾ ಖುಷಿ ಆಯಿತು. ಒಂದು ತಿಂಗಳು ಬಿಟ್ಟು ಅದೇ ಮಕ್ಕಳನ್ನು ಮಾತಾಡಿಸಿದರೆ ನೆನಪಿದ್ದದ್ದು ಬಸ್ಸಿನಲ್ಲಿ ಆಡಿದ ಅಂತ್ಯಾಕ್ಷರಿ. ಕೊಕ್ಕರೆ ಊರಿನದು, ಮರ ಊರಿನದು. ನಮ್ಮ ಮಕ್ಕಳು ಬಂದು ಹೋದ ನೆಂಟರು, ಅಷ್ಟೇ.

ಹಾಗಾಗಿ ಮುಂದಿನ ವರ್ಷ ಒಂದೇ ಜಾಗದಲ್ಲಿ ಆರು ದಿನ ಇರಬೇಕು ಎಂದು ತೀರ್ಮಾನಿಸಿದೆವು. ಮೊದಲು ಮನಸ್ಸಿಗೆ ಬಂದದ್ದು ಮಲೆನಾಡು. ಸ್ಥಳ ನೋಡಲು ಹೋದಾಗ ಅಲ್ಲಿನ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು, "ಏಪ್ರಿಲ್‌ನಲ್ಲಿ ಮಕ್ಕಳನ್ನ ಕಾಡೊಳಗೆ ಯಾಕೆ ಕರ್ಕೊಂಡು ಬರ್ತೀರಿ?" ಮಂಗನ ಕಾಯಿಲೆ ನಮಗೆ ಗೊತ್ತಿರಲಿಲ್ಲ ಎಂದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಉಣ್ಣೆ ಕಚ್ಚಿ ಬರುತ್ತದೆ ಎಂದು ಓದಿದ್ದೆವು. ಆದರೆ ಮಳೆ ಹಿಡಿಯುವ ತನಕವೂ, ಅಂದರೆ ನಮ್ಮ ಬೇಸಿಗೆ ರಜೆ ಪೂರ್ತಿ, ಅದರ ಕಾಲ ಎನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲಿಗೆ ಮಲೆನಾಡು ಬಿಟ್ಟೆವು. ಈ ಪ್ರಕರಣದಲ್ಲಿ ನಾವು ಮಾಡಿದ ಮೊದಲ ಸರಿಯಾದ ಕೆಲಸ ಅದು. ಮಾಡಿಸಿದವರು ಆ ಆಶಾ ಕಾರ್ಯಕರ್ತೆ.

ಕೊನೆಗೆ ಸಿಕ್ಕಿದ್ದು ಬಯಲುಸೀಮೆಯ ಈ ಕೆರೆ. ಉದ್ದನೆಯ ಏರಿ, ಎರಡು ತೂಬು, ಒಂದು ಕೋಡಿ. ಏರಿಯ ಮೇಲೆ ಸಾಲಾಗಿ ಹೊಂಗೆ ಮರ. ಏಪ್ರಿಲ್ ಕೊನೆ ಆದ್ದರಿಂದ ನೀರು ದೊಡ್ಡ ತೂಬಿನ ಹತ್ತಿರ ಒಂದು ಮೂಲೆಯಲ್ಲಿ ಮಾತ್ರ ಇತ್ತು. ಉಳಿದ ಕೆರೆಯಂಗಳ ಬಿರುಕು ಬಿಟ್ಟಿತ್ತು, ಮೇಲಿನ ಅಂಚು ಬರೀ ನೊರಜುಗಲ್ಲು. ಊರಿನ ಶಾಲೆಯಲ್ಲಿ ಉಳಿದುಕೊಳ್ಳಲು ಶಾಲೆ ನೋಡಿಕೊಳ್ಳುವ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಒಪ್ಪಿದರು, ಒಂದು ಷರತ್ತು ಹಾಕಿ: ಊರಿನ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ಹೀಗೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಂದ 14 ಮಕ್ಕಳು, ಊರಿನಿಂದ 8 ಮಕ್ಕಳು ಬಂದರು. ವಯಸ್ಸು 9ರಿಂದ 13.

ಬಿಸಿಲಿಗೆ ಹೆದರಿ ಹೊರಗಿನ ಕೆಲಸವನ್ನು ಬೆಳಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಆರೂವರೆಗೆ ಇಟ್ಟುಕೊಂಡೆವು. ನಡು ಮಧ್ಯಾಹ್ನ ಶಾಲೆಯೊಳಗೆ. ಮಜ್ಜಿಗೆ, ರಾಗಿ ಅಂಬಲಿ ಯಾವಾಗಲೂ ಇರುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆಯಾ ಎಂದು ನಮ್ಮ ನರ್ಸ್ ಮುಂಚೆಯೇ ಹೋಗಿ ಕೇಳಿ ಬಂದಿದ್ದರು. ಕೊಳಕುಮಂಡಲ ಇರುವ ಸೀಮೆಯಲ್ಲಿ ಈ ಒಂದು ವಿಷಯವನ್ನು ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ಹೋಗಿ ಕೇಳಿ.

ಸಮಸ್ಯೆ

ಮೊದಲ ದಿನವೇ ಮಕ್ಕಳು ಎರಡು ಗುಂಪಾದರು. ಬೆಂಗಳೂರಿನವರಿಗೆ ನೊಣ, ಶಾಲೆಯ ಶೌಚಾಲಯ, ಸೆಕೆ, ಮೊಬೈಲ್ ಇಲ್ಲದ್ದು. ಊರಿನವರಿಗೆ ಇವರನ್ನು ನೋಡಿ ಸಂಕೋಚ. ಹತ್ತು ವರ್ಷದ ಒಬ್ಬ ಹುಡುಗಿ ಶೂ ಬಿಚ್ಚಲು ಒಪ್ಪಲೇ ಇಲ್ಲ. ಊಟಕ್ಕೆ ಚಾಪೆಯ ಮೇಲೆ ಕೂತಾಗಲೂ ಶೂ ಕಾಲನ್ನು ಹೊರಗೆ ಚಾಚಿಕೊಂಡೇ ಕೂತಳು. ಇರುವೆ ಕಂಡರೆ ಎದ್ದು ನಿಲ್ಲುತ್ತಿದ್ದಳು. ಅವಳಮ್ಮ ಕಳಿಸುವಾಗ ಹೇಳಿದ್ದರು, "ಮಣ್ಣು ಮುಟ್ಟಿದ್ರೆ ಅಲರ್ಜಿ ಆಗುತ್ತೆ ಅಂತ ನಾನೇ ಹೆದರಿಸಿಬಿಟ್ಟಿದೀನಿ. ಈಗ ಬಿಡಿಸೋಕೆ ಆಗ್ತಿಲ್ಲ."

ಒಂದು ಒಳ್ಳೆಯ ಸೂಚನೆ ಅವತ್ತೇ ಸಿಕ್ಕಿತ್ತು. ಮಧ್ಯಾಹ್ನ ಮುದ್ದೆ ಬಡಿಸಿದಾಗ ಬೆಂಗಳೂರಿನ ಹುಡುಗರು ಅಗಿಯುತ್ತಾ ಕೂತರು. ಊರಿನ ಪುಟ್ಟ ಹುಡುಗಿಯೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಎದ್ದು ಬಂದು, ಮುರಿಯುವುದು ಹೇಗೆ, ಸಾರಿನಲ್ಲಿ ಅದ್ದಿ ನುಂಗುವುದು ಹೇಗೆ ಎಂದು ಹೇಳಿಕೊಟ್ಟಳು. ಹತ್ತು ನಿಮಿಷ ಅಲ್ಲಿ ಎರಡು ಗುಂಪು ಇರಲಿಲ್ಲ. ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಿದ್ದರು, ಅಷ್ಟೇ. ನಮಗೆ ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಯಾಕೆಂದರೆ ನಮ್ಮ ತಲೆಯಲ್ಲಿ ಹಾಳೆ ಇತ್ತು. ಎರಡನೇ ದಿನಕ್ಕೆಂದು ಮೂರು ವಾರ ಕೂತು ಒಂದು ಹಾಳೆ ತಯಾರಿಸಿದ್ದೆವು. ಮೂವತ್ತು ಹಕ್ಕಿ, ಹದಿನೈದು ಮರ. ಚಿತ್ರದ ಪಕ್ಕ ಹೆಸರು ಬರೆಯಬೇಕು, ಕಂಡಿದ್ದಕ್ಕೆ ಗುರುತು ಹಾಕಬೇಕು, ಜಾಸ್ತಿ ಅಂಕ ಬಂದ ತಂಡಕ್ಕೆ ಬಹುಮಾನ. ಬೆಳಗ್ಗೆ ಆರಕ್ಕೆ ಹಾಳೆ ಹಂಚಿದೆವು. ಆರೂಕಾಲಿಗೆ ಕೆರೆಯ ಮೂಲೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹೋಗಿದ್ದವು. ಮಕ್ಕಳು ಬೈನಾಕ್ಯುಲರ್ ಹಿಡಿದು ಓಡುತ್ತಿದ್ದರು. ಮೀಂಚುಳ್ಳಿಯನ್ನು ಮೊದಲು ನೋಡಿದ್ದು ಯಾರು ಎಂದು ಇಬ್ಬರು ಕೈ ಕೈ ಮಿಲಾಯಿಸಿದರು. ಶೂ ಹುಡುಗಿ ಏರಿಯಿಂದ ಕೆಳಗೆ ಇಳಿಯಲೇ ಇಲ್ಲ. ಪಕ್ಕದವಳ ಹಾಳೆ ನೋಡಿ ಬರೆದು ಹದಿನೆಂಟು ಅಂಕ ತೆಗೆದಳು.

ಊರಿನ ಮಕ್ಕಳಲ್ಲಿ ಒಬ್ಬ ಹುಡುಗನಿದ್ದ. ಹನ್ನೆರಡು ವರ್ಷ. ರಜೆಯಲ್ಲಿ ದಿನಾ ತಾತನ ಜೊತೆ ಕುರಿ ಮೇಯಿಸಲು ಇದೇ ಕೆರೆಯಂಗಳಕ್ಕೆ ಬರುವವನು. ಅವನಿಗೆ ಬಂದದ್ದು ಒಂಬತ್ತು ಅಂಕ. ನಮ್ಮ ಸ್ವಯಂಸೇವಕರೊಬ್ಬರು ಅವನ ಹಾಳೆ ತಿದ್ದುವಾಗ ನಾನು ಪಕ್ಕದಲ್ಲೇ ಇದ್ದೆ. ಕಪ್ಪು ಎದೆ, ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ ಇರುವ ಹಕ್ಕಿಯ ಚಿತ್ರದ ಪಕ್ಕ ಅವನು "ತೇನೆಹಕ್ಕಿ" ಎಂದು ಬರೆದಿದ್ದ. ನಮ್ಮ ಉತ್ತರದ ಪಟ್ಟಿಯಲ್ಲಿ ಇದ್ದದ್ದು "ಕೆಂಪು ಟಿಟ್ಟಿಭ". ಕೆಂಪು ಪೆನ್ನಿನಲ್ಲಿ ತಪ್ಪು ಬಿತ್ತು. ಹುಡುಗ ಹೇಳಿದ, "ಅದು ತೇನೆಹಕ್ಕಿನೇ ಕಣಕ್ಕ." ಸ್ವಯಂಸೇವಕಿ, "ಊರಲ್ಲಿ ಹಾಗೆ ಕರೀಬಹುದು, ಸರಿಯಾದ ಹೆಸರು ಟಿಟ್ಟಿಭ" ಎಂದರು. ಹುಡುಗ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಸಂಜೆ ಬರಲಿಲ್ಲ.

ತಪ್ಪು ಆ ಸ್ವಯಂಸೇವಕಿಯದಲ್ಲ. ಪಟ್ಟಿ ಮಾಡಿದವಳು ನಾನು. ಆ ಹಕ್ಕಿಗೆ ತೇನೆಹಕ್ಕಿ ಎನ್ನುವುದು ಕನ್ನಡದ ಹಳೆಯ, ಸರಿಯಾದ ಹೆಸರೇ. ನನಗೆ ಗೊತ್ತಿರುವ ಒಂದೇ ಹೆಸರನ್ನು ನಾನು ಬರೆದಿದ್ದೆ.

ಏನು ಮಾಡಿದೆವು

ಅವತ್ತು ರಾತ್ರಿ ಐದೂ ಜನ ಶಾಲೆಯ ಜಗುಲಿಯಲ್ಲಿ ಕೂತೆವು. ಎರಡು ಅಭಿಪ್ರಾಯ ಬಂತು. ಒಂದು: ಹಾಳೆ ಇರಲಿ, ಸ್ಪರ್ಧೆ ತೆಗೆಯೋಣ. ಇನ್ನೊಂದು: ಹಾಳೆಯೇ ಬೇಡ. ಅಪ್ಪ ಅಮ್ಮಂದಿರು ದುಡ್ಡು ಕೊಟ್ಟಿದ್ದಾರೆ, ಮಕ್ಕಳು ಏನು ಕಲಿತರು ಎಂದು ತೋರಿಸಲು ಕೈಯಲ್ಲಿ ಏನಾದರೂ ಬೇಕಲ್ವಾ ಎಂಬ ಮಾತೂ ಬಂತು. ಅದು ಸಣ್ಣ ಮಾತಲ್ಲ. ಆದರೂ ಕೊನೆಗೆ ಹಾಳೆಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆವು. ಬೆಳಗ್ಗೆ ಆ ಸ್ವಯಂಸೇವಕಿ ಮತ್ತು ನಾನು ಹುಡುಗನ ಮನೆಗೆ ಹೋದೆವು. ಅವನ ತಾತ ಹಟ್ಟಿಯಲ್ಲಿ ಕುರಿ ಬಿಡುತ್ತಿದ್ದರು. ನಮ್ಮ ಪಟ್ಟಿ ತಪ್ಪಿತ್ತು, ನಿನ್ನ ಉತ್ತರ ಸರಿ ಇತ್ತು ಎಂದು ಹುಡುಗನಿಗೆ ನೇರವಾಗಿ ಹೇಳಿದೆವು. ಅವನು ಏನೂ ಮಾತಾಡಲಿಲ್ಲ. ಆದರೆ ನಮ್ಮ ಹಿಂದೆ ಹತ್ತು ಹೆಜ್ಜೆ ಬಿಟ್ಟು ಬಂದ.

ಮೂರನೇ ದಿನದ ಕೆಲಸ ಒಂದೇ. ಊರಿನ ಒಂದು ಮಗುವಿನ ಜೊತೆ ಬೆಂಗಳೂರಿನ ಒಂದೋ ಎರಡೋ ಮಕ್ಕಳು. ಕೆರೆಯ ಸುತ್ತ ಇಷ್ಟ ಬಂದ ಒಂದು ಜಾಗ ಆರಿಸಿಕೊಳ್ಳಬೇಕು. ದಿನಾ ಎರಡು ಹೊತ್ತು ಅಲ್ಲೇ ಹೋಗಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ಬರೆಯುವುದು ಬೇಡ.

ಇದೂ ಮೊದಲ ಸಲ ಕೆಟ್ಟಿತು. ಇಪ್ಪತ್ತು ನಿಮಿಷ ತುಂಬಾ ಜಾಸ್ತಿ ಆಯಿತು. ಐದು ನಿಮಿಷಕ್ಕೆ ಕಲ್ಲು ಎಸೆಯುವುದು ಶುರು, ಹತ್ತು ನಿಮಿಷಕ್ಕೆ "ಅಣ್ಣಾ, ಟೈಮ್ ಆಯ್ತಾ?" ಸಂಜೆಗೆ ಅದನ್ನು ಎಂಟು ನಿಮಿಷಕ್ಕೆ ಇಳಿಸಿದೆವು. ಜೊತೆಗೆ, ಸುಮ್ಮನೆ ಕೂರಬೇಕು ಎನ್ನುವ ಬದಲು ಒಂದೇ ಒಂದು ಪ್ರಶ್ನೆ ಕೊಟ್ಟೆವು: ಬೆಳಗ್ಗೆ ಇಲ್ಲದ್ದು ಈಗ ಇಲ್ಲಿ ಏನಿದೆ? ಇದು ನಡೆಯಿತು. ಒಬ್ಬ ಬಂದು, ಬೆಳಗ್ಗೆ ಅವನ ಕಲ್ಲಿನ ಮೇಲೆ ಇದ್ದ ನೆರಳು ಈಗ ಇಲ್ಲ ಎಂದ. ಇನ್ನೊಬ್ಬಳು ಇರುವೆ ಸಾಲು ದಿಕ್ಕು ಬದಲಾಯಿಸಿದೆ ಎಂದಳು.

ಅದೇ ಸಂಜೆ ಊರಿನ ನೀರಗಂಟಿ ತಾತ ತಾವಾಗಿಯೇ ಬಂದು ತೂಬು ತೋರಿಸಿದರು. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಬಿಡಬೇಕು ಎಂದು ಅವರ ಮನೆಯವರು ತಲೆಮಾರಿನಿಂದ ನೋಡಿಕೊಂಡು ಬಂದಿದ್ದಾರೆ. ಅವರನ್ನು ಮೊದಲ ದಿನವೇ ಕರೆಯಬೇಕಿತ್ತು. ನಮಗೆ ಹೊಳೆದಿರಲಿಲ್ಲ.

ಗೂಡು

ಮಕ್ಕಳೆಲ್ಲ ಶಾಲೆಗೆ ಹೊರಟ ಮೇಲೆ ಕುರಿ ಹುಡುಗ ನನ್ನ ಪಕ್ಕ ಬಂದ. "ಅಕ್ಕ, ತೇನೆಹಕ್ಕಿ ಮೊಟ್ಟೆ ಐತೆ. ತೋರಿಸ್ತೀನಿ. ಯಾರ್ಗೂ ಹೇಳ್ಬೇಡಿ."

ನೊರಜುಗಲ್ಲಿನ ಅಂಚಿನಲ್ಲಿ ಅವನು ಕೈ ತೋರಿಸಿದ ಕಡೆ ನೋಡಿದೆ. ಏನೂ ಕಾಣಲಿಲ್ಲ. ಇನ್ನೊಮ್ಮೆ ತೋರಿಸಿದ. ಅಂಗೈ ಅಗಲದ ಒಂದು ತಗ್ಗು. ಸುತ್ತ ಸಣ್ಣ ಕಲ್ಲು, ಒಣಗಿದ ಕುರಿ ಹಿಕ್ಕೆ ಜೋಡಿಸಿದ ಹಾಗಿತ್ತು. ನಡುವೆ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಗಡೆಗೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡನೇ ದಿನ ಬೆಳಗ್ಗೆ ನಮ್ಮ ಮಕ್ಕಳು ಅಂಕಕ್ಕಾಗಿ ಓಡಿದ ದಾರಿಗೂ ಆ ಗೂಡಿಗೂ ಹದಿನೈದು ಹೆಜ್ಜೆ ಇರಬಹುದು. ತಲೆ ಮೇಲೆ ಎರಡು ಹಕ್ಕಿಗಳು ಟಿಟ್ಟಿಟ್ಟೀ ಎಂದು ಕಿರುಚುತ್ತಾ ಸುತ್ತುತ್ತಿದ್ದವು. ಅವತ್ತೂ ಹೀಗೇ ಕಿರುಚಿದ್ದವು. ನಾವು ಪಟ್ಟಿಯಲ್ಲಿ ಗುರುತು ಹಾಕಿ ಮುಂದೆ ಹೋಗಿದ್ದೆವು.

ಇದನ್ನು ಎಲ್ಲ ಮಕ್ಕಳಿಗೂ ಹೇಳಬೇಕಾ ಬೇಡವಾ ಎನ್ನುವುದು ಈ ಶಿಬಿರದ ದೊಡ್ಡ ತೀರ್ಮಾನ. ನಮ್ಮ ಹಕ್ಕಿ ನೋಡುವ ಗೆಳೆಯರು ಇಬ್ಬರೂ ಬೇಡ ಎಂದರು. 22 ಮಕ್ಕಳಿಗೆ ಹೇಳಿದರೆ ಒಬ್ಬನಾದರೂ ಮೊಟ್ಟೆ ಮುಟ್ಟುತ್ತಾನೆ, ಜನ ಹೋದ ದಾರಿ ಹಿಡಿದು ನಾಯಿಯೋ ಕಾಗೆಯೋ ಬರುತ್ತದೆ. ಅವರ ಮಾತು ನಿಜ. ಆದರೆ ಹೇಳದೇ ಹೋದರೆ ಮಕ್ಕಳು ಗೊತ್ತಿಲ್ಲದೆ ತುಳಿಯಲೂಬಹುದು. ಕೊನೆಗೆ ನಾವು ಹುಡುಗನನ್ನೇ ಕೇಳಿದೆವು, ಏಕೆಂದರೆ ಗುಟ್ಟು ಅವನದು. ಅವನು ಸ್ವಲ್ಪ ಹೊತ್ತು ಯೋಚಿಸಿ, "ದೂರದಿಂದ ಆದ್ರೆ ಸರಿ" ಎಂದ.

ಎಷ್ಟು ದೂರ? ಅದನ್ನು ಹಕ್ಕಿಯೇ ಹೇಳಿತು. ನಾಲ್ಕನೇ ದಿನ ಬೆಳಗ್ಗೆ ಹುಡುಗ, ನಾನು, ಇನ್ನೊಬ್ಬರು ಗೂಡಿನ ಕಡೆಯಿಂದ ಹಿಂದಕ್ಕೆ ಹಿಂದಕ್ಕೆ ನಡೆದೆವು. ಹಕ್ಕಿ ಕಿರುಚುವುದನ್ನು ನಿಲ್ಲಿಸಿ ಮೊಟ್ಟೆಯ ಮೇಲೆ ವಾಪಸ್ ಕೂರುವವರೆಗೆ ನಡೆದು, ಅಲ್ಲಿಂದ ಇನ್ನೂ ಇಪ್ಪತ್ತು ಹೆಜ್ಜೆ ಬಿಟ್ಟು ಕಲ್ಲಿನ ಸಾಲು ಇಟ್ಟೆವು. ಅದು ಏರಿಯ ಹೊಂಗೆ ಮರದ ಬುಡಕ್ಕೆ ಬಂತು. ನೀರಿಗೆ ಹೋಗುವ ದಾರಿಯನ್ನು ಕೋಡಿಯ ಕಡೆಯಿಂದ ಸುತ್ತು ಹಾಕಿಸಿದೆವು. ಮಕ್ಕಳಿಗೆ ನಿಯಮ ಹೇಳಿದ್ದು ಹುಡುಗ, ನಾವಲ್ಲ: "ಅದು ಕೂಗಿದ್ರೆ ನಾವು ಜಾಸ್ತಿ ಹತ್ರ ಹೋಗಿದೀವಿ ಅಂತ."

ಮಧ್ಯಾಹ್ನ ಶೂ ಹುಡುಗಿ ಕೇಳಿದಳು, "ಇಷ್ಟು ಬಿಸಿಲಲ್ಲಿ ಅದು ಏನ್ ಮಾಡ್ತಾ ಇರುತ್ತೆ?" ನಮಗೆ ಉತ್ತರ ಗೊತ್ತಿತ್ತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮಧ್ಯಾಹ್ನ ಹೊರಗೆ ಬಿಡುವುದಿಲ್ಲ ಎಂಬ ನಿಯಮ ಅಡ್ಡ ಇತ್ತು, ನಮ್ಮ ನರ್ಸ್ ಒಪ್ಪಲಿಲ್ಲ. ಕೊನೆಗೆ ಹೀಗೆ ರಾಜಿ ಆಯಿತು: ಹೊಂಗೆ ನೆರಳಲ್ಲಿ ಮಾತ್ರ, ಒಂದು ಸಲಕ್ಕೆ ಇಬ್ಬರು ಮಕ್ಕಳು, ಒಬ್ಬರು ದೊಡ್ಡವರು, ಇಪ್ಪತ್ತೇ ನಿಮಿಷ, ತಲೆಗೆ ಒದ್ದೆ ಟವೆಲ್.

ಆ ಹುಡುಗಿ ಮತ್ತು ಕುರಿ ಹುಡುಗ ಮೊದಲು ಕೂತರು. ಒಂದು ಹಕ್ಕಿ ರೆಕ್ಕೆ ಸ್ವಲ್ಪ ಇಳಿಬಿಟ್ಟು ಮೊಟ್ಟೆಗೆ ನೆರಳಾಗಿ ನಿಂತಿತ್ತು. ಇನ್ನೊಂದು ನೀರಿನ ಮೂಲೆಗೆ ಹಾರಿ ಹೋಗಿ, ಹೊಟ್ಟೆ ಮುಳುಗುವ ಹಾಗೆ ಕೂತು, ಎದ್ದು ಬಂದು ಜಾಗ ಬದಲಾಯಿಸಿತು. ಹುಡುಗಿ ಶಾಲೆಗೆ ಓಡಿ ಬಂದು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: "ಅಕ್ಕ, ಅದು ಸ್ನಾನ ಮಾಡ್ಕೊಂಡು ಒರೆಸ್ಕೊಳ್ಳದೇ ಹಾಗೇ ಬಂದು ಕೂತ್ಕೊಳ್ತು!" ಯಾಕೆ ಎಂದು ಹುಡುಗ ಬಿಡಿಸಿ ಹೇಳಿದ. ಬಿಸಿಲಿಗೆ ಮೊಟ್ಟೆ ಬೇಯದ ಹಾಗೆ ಒದ್ದೆ ಹೊಟ್ಟೆಯಿಂದ ತಂಪು ಮಾಡುತ್ತದೆ. ಅವನು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕುರಿ ಕಾಯುತ್ತಾ ನೋಡಿದ್ದ.

ಮಳೆ

ಅಶ್ವಿನಿ ಮುಗಿದು ಭರಣಿ ಹುಟ್ಟುವ ಹೊತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎಂದು ನೀರಗಂಟಿ ತಾತ ಬೆಳಗ್ಗೆಯಷ್ಟೇ ಹೇಳಿದ್ದರು. ನಾಲ್ಕನೇ ದಿನ ಸಂಜೆ ಐದಕ್ಕೆ ಪಡುವಣ ಕಪ್ಪಾಯಿತು. ಮೊದಲ ಗುಡುಗು ಕೇಳುತ್ತಲೇ ಮಕ್ಕಳನ್ನು ಕೆರೆಯಿಂದ ಎಬ್ಬಿಸಿದೆವು. ಮರದ ಕೆಳಗೆ ನಿಲ್ಲಬೇಡಿ, ಸೀದಾ ಶಾಲೆಗೆ ಎಂದು ಮೊದಲ ದಿನವೇ ಒಮ್ಮೆ ಓಡಿಸಿ ಅಭ್ಯಾಸ ಮಾಡಿಸಿದ್ದರಿಂದ ಆರು ನಿಮಿಷದಲ್ಲಿ 22 ತಲೆ ಎಣಿಸಿದೆವು. ಮಳೆ ಬಿತ್ತು, ಬಿರುಸಾಗಿಯೇ ಬಿತ್ತು.

ಶೂ ಹುಡುಗಿ ಅಡುಗೆ ಮನೆಯಿಂದ ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೊಟ್ಟೆಗೆ ಮುಚ್ಚಿ ಬರುತ್ತೇನೆ ಎಂದಳು. ಬೇಡ ಎಂದೆ. ಅತ್ತಳು. ನಿಮಗೆ ಹಕ್ಕಿ ಸತ್ತರೂ ಪರವಾಗಿಲ್ಲ ಎಂದಳು. ಇನ್ನೂ ಮೂರ್ನಾಲ್ಕು ಮಕ್ಕಳು ಅವಳ ಜೊತೆ ಸೇರಿಕೊಂಡರು. ಅಲ್ಲಿ ಸುಳ್ಳು ಸಮಾಧಾನ ಹೇಳುವುದು ಸುಲಭ ಇತ್ತು. ನಾವು ಗೊತ್ತಿದ್ದದ್ದನ್ನು ಹೇಳಿದೆವು. ಮಿಂಚಿನಲ್ಲಿ ಬಯಲಿಗೆ ಹೋದರೆ ನಿನಗೇ ಅಪಾಯ. ಬಕೆಟ್ ಇಟ್ಟರೆ ಹಕ್ಕಿ ಹೆದರಿ ವಾಪಸ್ ಬರದೇ ಇರಬಹುದು. ಅದರ ಪುಕ್ಕದ ಮೇಲೆ ನೀರು ನಿಲ್ಲುವುದಿಲ್ಲ, ಗೂಡು ಇಳಿಜಾರಿನಲ್ಲಿದೆ. ಆದರೂ ಮೊಟ್ಟೆ ಉಳಿಯುತ್ತದೆ ಎಂದು ನಾವು ಮಾತು ಕೊಡಲಾರೆವು. ಕುರಿ ಹುಡುಗ ಬಕೆಟ್ ತೆಗೆದುಕೊಂಡು ಒಳಗಿಟ್ಟ. "ಅದ್ಕೆ ಗೊತ್ತೈತೆ" ಎಂದ, ಅಷ್ಟೇ.

ಮಳೆ ನಿಂತ ಮೇಲೆ ಟ್ಯೂಬ್‌ಲೈಟಿನ ಸುತ್ತ ಗೆದ್ದಲಿನ ರೆಕ್ಕೆಹುಳಗಳು ಮುತ್ತಿದವು. ಮೊದಲ ದಿನ ಇರುವೆಗೆ ಎದ್ದು ನಿಂತವಳು ಅವತ್ತು ಅವುಗಳ ನಡುವೆಯೇ ಮಲಗಿದಳು. ಅವಳ ಗಮನ ಬೇರೆಲ್ಲೋ ಇತ್ತು.

ಬೆಳಗ್ಗೆ ಐದೂಮುಕ್ಕಾಲಿಗೆ ಬಾಗಿಲು ತೆಗೆದಾಗ ಅವಳು ಆಗಲೇ ಮೆಟ್ಟಿಲಲ್ಲಿ ಕೂತಿದ್ದಳು. ಏರಿಯ ಮಣ್ಣು ಶೂಗೆ ಹಿಡಿದು ಕಾಲು ಎತ್ತಲಾಗುತ್ತಿರಲಿಲ್ಲ. ಎರಡು ಸಲ ಜಾರಿದಳು. ಮೂರನೇ ಸಲ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಯಾರೂ ಹೇಳಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆ ತಟ್ಟಬೇಡಿ ಎಂದು ನಾನು ಕಣ್ಣಲ್ಲೇ ನಮ್ಮವರಿಗೆ ಹೇಳಿದ್ದೆ. ಹೊಂಗೆ ಬುಡದಿಂದ ಬೈನಾಕ್ಯುಲರ್‌ನಲ್ಲಿ ನೋಡಿದಳು. ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು.

ಉಳಿದ ಒಂದೂವರೆ ದಿನದ ಬಗ್ಗೆ ಹೇಳುವಂಥದ್ದು ಕಡಿಮೆ. ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಹೋದರು, ಬಂದರು, ಕೆಸರಾದರು. ಎಲ್ಲರಿಗೂ ಹೀಗೆ ಆಯಿತು ಎನ್ನಲಾರೆ. ಇಬ್ಬರು ಹುಡುಗರಿಗೆ ಕೊನೆಯವರೆಗೂ ಬೇಜಾರೇ. ಒಬ್ಬ ಐದನೇ ದಿನ ಅಪ್ಪನನ್ನು ಕರೆಸಿಕೊಂಡು ಹೊರಟ. ಅವನಿಗೆ ಬೇಕಿದ್ದದ್ದನ್ನು ನಾವು ಹುಡುಕಲಿಲ್ಲ. ಗೂಡಿನ ಸುತ್ತ ಎಲ್ಲರ ಗಮನ ಹೋದಾಗ ಅವನು ಇನ್ನೂ ಒಂಟಿಯಾದ ಎಂದು ಈಗ ಅನಿಸುತ್ತದೆ.

ಆಮೇಲೆ

ಮೊಟ್ಟೆ ಒಡೆಯಲು ಸುಮಾರು 28ರಿಂದ 30 ದಿನ ಬೇಕು. ಯಾವಾಗ ಇಟ್ಟದ್ದು ಎಂದು ಗೊತ್ತಿರಲಿಲ್ಲ. ಶಿಬಿರ ಮುಗಿದು ಎರಡು ವಾರದ ಮೇಲೆ ಊರಿನ ಮೇಷ್ಟ್ರ ಫೋನಿನಿಂದ ಕುರಿ ಹುಡುಗನ ಧ್ವನಿ ಬಂತು: ಗೂಡು ಖಾಲಿ. ಚಿಪ್ಪೂ ಇಲ್ಲ.

ಮತ್ತೆ ತೀರ್ಮಾನ ಮಾಡುವ ಸರದಿ ನಮ್ಮದು. ಈ ಹಕ್ಕಿಯ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ನಡೆದು ಗೂಡು ಬಿಡುತ್ತವೆ, ಚಿಪ್ಪನ್ನು ದೊಡ್ಡ ಹಕ್ಕಿಗಳು ದೂರ ಒಯ್ದು ಹಾಕುತ್ತವೆ. ಮುಂಗುಸಿ ತಿಂದರೂ ಗೂಡು ಖಾಲಿಯೇ. ಒಬ್ಬ ತಾಯಿ, "ಮರಿ ಆಯ್ತು ಅಂತ ಹೇಳಿಬಿಡಿ, ಮಕ್ಕಳು ಖುಷಿಯಾಗಿರ್ತಾರೆ" ಎಂದರು. ಅವರ ಕಾಳಜಿ ಅರ್ಥ ಆಯಿತು. ಆದರೆ ಮಳೆಯ ಸಂಜೆ ಸುಳ್ಳು ಹೇಳದವರು ಈಗ ಹೇಳಿದರೆ ಅವತ್ತಿನ ಮಾತಿಗೂ ಬೆಲೆ ಇರುವುದಿಲ್ಲ. ಎರಡೂ ಸಾಧ್ಯತೆ ಬರೆದು ಎಲ್ಲ ಮಕ್ಕಳಿಗೂ ಕಾಗದ ಹಾಕಿದೆವು. ನಿನಗೇನು ಅನಿಸುತ್ತದೆ, ಯಾಕೆ ಎಂದು ಕೇಳಿದೆವು.

ಹದಿಮೂರು ಮಕ್ಕಳು ಉತ್ತರ ಬರೆದರು. ಹಾಳೆ ಕೊಟ್ಟಿದ್ದರೆ ಅಂಕ ಸಿಗುತ್ತಿತ್ತೇ ಹೊರತು ಈ ಕಾಗದಗಳು ಸಿಗುತ್ತಿರಲಿಲ್ಲ. ಶೂ ಹುಡುಗಿ ಉತ್ತರದ ಬದಲು ಪ್ರಶ್ನೆ ಕಳಿಸಿದಳು: ಹಕ್ಕಿಗಳು ಈಗ ಎಲ್ಲಿ ನಿಂತು ಕೂಗುತ್ತಿವೆ? ಅದನ್ನು ಕುರಿ ಹುಡುಗನಿಗೆ ಓದಿ ಹೇಳಿದೆವು. ಅವನು ನೋಡಿ ಬಂದು ಹೇಳಿದ, ಸಣ್ಣ ತೂಬಿನ ಹತ್ತಿರ ನಾಯಿ ಹೋದರೆ ಎರಡೂ ಮೇಲೆ ಬಿದ್ದು ಕಿರುಚುತ್ತವೆ, ಬೇರೆ ಕಡೆ ಹೋದರೆ ಸುಮ್ಮನಿರುತ್ತವೆ. ಮರಿ ಮಾತ್ರ ಅವನಿಗೆ ಕಂಡಿರಲಿಲ್ಲ.

ಈ ವರ್ಷದ ಶಿಬಿರಕ್ಕೆ ಕೆಲವು ಬದಲಾವಣೆ ಮಾಡಿದ್ದೇವೆ. ಮೊದಲ ದಿನ ಊರಿನ ಮಕ್ಕಳು ಮತ್ತು ನೀರಗಂಟಿ ತಾತ ಕೆರೆ ತೋರಿಸುತ್ತಾರೆ, ನಾವು ಹಿಂದೆ ನಡೆಯುತ್ತೇವೆ. ಮಕ್ಕಳು ಬರುವ ಮುಂಚೆ ನೆಲದಲ್ಲಿ ಗೂಡು ಇದೆಯಾ ಎಂದು ಅಂಗಳ ನೋಡಿ ದಾರಿ ಗುರುತು ಮಾಡುತ್ತೇವೆ. ಕೂರುವ ಹೊತ್ತು ಎಂಟು ನಿಮಿಷದಿಂದ ಶುರು. ಗುಂಪಿಗೆ ಸೇರದ ಮಗುವಿನ ಜೊತೆ ದಿನಾ ಒಬ್ಬರು ದೊಡ್ಡವರು ಇರುತ್ತಾರೆ.

ಹಾಳೆ ಇದೆ. ಆರನೇ ದಿನಕ್ಕೆ ಹೋಗಿದೆ, ಅಂಕ ಇಲ್ಲ. ಚಿತ್ರದ ಪಕ್ಕ ಈಗ ಎರಡು ಖಾಲಿ ಜಾಗ: ಪುಸ್ತಕದಲ್ಲಿ ಏನೆನ್ನುತ್ತಾರೆ, ನಮ್ಮೂರಲ್ಲಿ ಏನೆನ್ನುತ್ತಾರೆ. ಅಚ್ಚಿಗೆ ಕೊಡುವ ಮುಂಚೆ ಒಂದು ಪ್ರತಿಯನ್ನು ಕುರಿ ಹುಡುಗನಿಗೆ ಕಳಿಸಿದ್ದೆವು. ಮೂವತ್ತರಲ್ಲಿ ಇಪ್ಪತ್ತಾರು ಹಕ್ಕಿಗಳಿಗೆ ಊರಿನ ಹೆಸರು ತುಂಬಿ ಕಳಿಸಿದ್ದಾನೆ. ಉಳಿದ ನಾಲ್ಕರ ಮುಂದೆ "ತಾತನ್ನ ಕೇಳಬೇಕು" ಎಂದು ಬರೆದಿದ್ದಾನೆ.